ಸಲಹಾ ಪೆಟ್ಟಿಗೆ ಯಾಕೆ ಖಾಲಿ?

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕ ನಾನು. 8ರಿಂದ 10ನೇ ತರಗತಿವರೆಗೆ 210 ಮಕ್ಕಳಿದ್ದಾರೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಚೆನ್ನಾಗಿಯೇ ಬರುತ್ತಿದೆ, ಆದರೆ ಮಕ್ಕಳ ಮುಖದಲ್ಲಿ ಗೆಲುವಿಲ್ಲ. ಶನಿವಾರ ಬಂತೆಂದರೆ ಹಾಜರಾತಿ ಕುಸಿಯುತ್ತದೆ. ಸಲಹಾ ಪೆಟ್ಟಿಗೆ ಇಟ್ಟು ಎರಡು ತಿಂಗಳಾಯಿತು. ಬಿದ್ದದ್ದು ಮೂರೇ ಚೀಟಿ, ಮೂರರಲ್ಲೂ ‘ಶಾಲೆ ಚೆನ್ನಾಗಿದೆ’ ಎಂದಿದೆ. ಮುಂದೇನು ಮಾಡಲಿ?

ಉತ್ತರ: ಮೊದಲು ಪೆಟ್ಟಿಗೆ ಎಲ್ಲಿ ನೇತಾಡುತ್ತಿದೆ ನೋಡಿ. ಸ್ಟಾಫ್ ರೂಮಿನ ಬಾಗಿಲ ಪಕ್ಕದಲ್ಲಿದ್ದರೆ ಚೀಟಿ ಹಾಕುವವರು ಯಾರೆಂದು ಎಲ್ಲರಿಗೂ ಕಾಣುತ್ತದೆ. ಇನ್ನೊಂದು ತೊಡಕು ಕೈಬರಹದ್ದು. ವರ್ಷವಿಡೀ ನೋಟ್ಸ್ ತಿದ್ದುವ ಮೇಷ್ಟ್ರಿಗೆ ಅಕ್ಷರ ನೋಡಿದರೆ ಸಾಕು, ಯಾರದೆಂದು ತಿಳಿಯುತ್ತದೆ. ಅದು ಮಕ್ಕಳಿಗೂ ಗೊತ್ತು. ಹಾಗಾಗಿ ಬರೆಯಲು ಹೇಳಬೇಡಿ, ಟಿಕ್ ಹಾಕಲು ಹೇಳಿ.

ಒಂದೇ ಹಾಳೆಯಲ್ಲಿ 12 ವಾಕ್ಯ ಸಾಕು. ‘ನಿಮಗೆ ಶಾಲೆ ಇಷ್ಟವೇ?’ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ದಿನನಿತ್ಯ ನಡೆಯುವುದನ್ನು ಕೇಳಿ: ‘ಅರ್ಥವಾಗದ್ದನ್ನು ಮತ್ತೆ ಕೇಳಿದರೆ ಬೈಯದೆ ಹೇಳಿಕೊಡುತ್ತಾರೆ’, ‘ಶೌಚಾಲಯದಲ್ಲಿ ನೀರಿರುತ್ತದೆ’, ‘ಆಟದ ಪೀರಿಯಡ್ಡಿನಲ್ಲಿ ಆಟವೇ ನಡೆಯುತ್ತದೆ’, ‘ಊಟಕ್ಕೆ ಕೂರಲು ನನ್ನ ಜೊತೆ ಯಾರಾದರೂ ಇರುತ್ತಾರೆ’. ಆಯ್ಕೆ ನಾಲ್ಕೇ ಇರಲಿ: ಯಾವಾಗಲೂ, ಹೆಚ್ಚಾಗಿ, ಅಪರೂಪಕ್ಕೆ, ಇಲ್ಲವೇ ಇಲ್ಲ. ಐದನೆಯದಾಗಿ ‘ಪರವಾಗಿಲ್ಲ’ ಎಂದು ಕೊಟ್ಟರೆ ಅರ್ಧ ತರಗತಿ ಅದರಲ್ಲೇ ಅಡಗಿಕೊಳ್ಳುತ್ತದೆ.

ಹೆಸರು, ಹಾಜರಿ ಸಂಖ್ಯೆ ಬೇಡ. ತರಗತಿ ಮತ್ತು ಹುಡುಗ ಅಥವಾ ಹುಡುಗಿ ಎಂಬುದಷ್ಟೇ ಇರಲಿ. ಹಾಳೆ ತುಂಬುವ 20 ನಿಮಿಷ ತರಗತಿ ಶಿಕ್ಷಕರು ಹೊರಗಿರಬೇಕು, ಪಕ್ಕದ ಶಾಲೆಯವರೊಬ್ಬರು ಬಂದು ಹಾಳೆ ಹಂಚಲಿ. ಮಕ್ಕಳು ಮಡಚಿ ಚೀಲಕ್ಕೆ ಹಾಕಲಿ. ಟೆಸ್ಟಿನ ಅಂಕ ಕೊಟ್ಟ ವಾರ ಇದನ್ನು ಮಾಡಬೇಡಿ, ಅಂಕದ ಸಿಟ್ಟೆಲ್ಲ ಹಾಳೆಗೆ ಇಳಿದಿರುತ್ತದೆ.

ಎಣಿಸುವಾಗ ಸರಾಸರಿ ತೆಗೆಯಬೇಡಿ, ಅಲ್ಲೇ ಎಲ್ಲ ಮುಚ್ಚಿಹೋಗುವುದು. ‘ಅಪರೂಪಕ್ಕೆ’, ‘ಇಲ್ಲವೇ ಇಲ್ಲ’ ಎಂದವರು ಎಷ್ಟು ಜನ ಎಂದು ಮಾತ್ರ ಎಣಿಸಿ, ತರಗತಿವಾರು, ಹುಡುಗ–ಹುಡುಗಿಯರನ್ನು ಬೇರೆ ಮಾಡಿ. ಯಾವುದೇ ಗುಂಪಿನಲ್ಲಿ ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದರೆ ಆ ಲೆಕ್ಕ ಬಹಿರಂಗ ಮಾಡಬೇಡಿ, ಗುರುತು ಸಿಕ್ಕಿಬಿಡುತ್ತದೆ. ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳು ಮುಗಿಸಿ ಬಂದ ಎಂಟನೆಯವರ ದೂರು ಒಂಟಿತನದ್ದಿರಬಹುದು. ಹತ್ತನೆಯವರದು ವಿಶೇಷ ತರಗತಿಯದ್ದು. ಎರಡಕ್ಕೂ ಒಂದೇ ಮದ್ದಿಲ್ಲ.

ಇಲ್ಲಿಂದ ಮುಂದೆ ಎಡವುವವರೇ ಹೆಚ್ಚು. ಹಾಳೆ ಬೀರು ಸೇರುತ್ತದೆ, ಮುಂದಿನ ವರ್ಷ ಮಕ್ಕಳು ಕಣ್ಣುಮುಚ್ಚಿ ಟಿಕ್ ಹಾಕುತ್ತಾರೆ. 15 ದಿನದೊಳಗೆ ಪ್ರಾರ್ಥನೆಯ ವೇಳೆ ಓದಿಹೇಳಿ, ಫಲಕದಲ್ಲಿ ಮೂರು ಸಾಲು ಹಾಕಿ: ಆಗಿದೆ, ಆಗುತ್ತಿದೆ, ನಮ್ಮ ಕೈಯಲ್ಲಿಲ್ಲ. ಮೂರನೆಯದಕ್ಕೆ ಕಾರಣವನ್ನೂ ಬರೆಯಿರಿ. ಕಾಂಪೌಂಡು, ರಸ್ತೆಯಂಥವನ್ನು ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎತ್ತಲಿ.

ಖರ್ಚಿಲ್ಲದೆ ಇವತ್ತೇ ಶುರು ಮಾಡಬಹುದಾದವು ಎರಡಿವೆ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುವುದು ನಿಲ್ಲಲಿ. ಪೋರ್ಷನ್ ಮುಗಿದಿಲ್ಲ ಎಂಬ ನೆಪ ಪ್ರತಿ ವರ್ಷವೂ ಇರುತ್ತದೆ ಬಿಡಿ. ಎರಡನೆಯದು, ತರಗತಿಯ ಮುಂದೆ ಅಂಕ ಓದಿ ಹಂಗಿಸುವುದೂ ನಿಲ್ಲಲಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಕಾಯ್ದೆಗೆ 14 ವರ್ಷದ ಮಿತಿ ಇದೆ ನಿಜ. ಆದರೆ ಆ ವಯಸ್ಸು ದಾಟಿದ ಹತ್ತನೆಯ ಹುಡುಗನಿಗೆ ನಾಚಿಕೆ ಹೆಚ್ಚೇ ಹೊರತು ಕಡಿಮೆಯಲ್ಲ. ಉತ್ತರಪತ್ರಿಕೆಯನ್ನು ಮಡಚಿ ಕೈಗೆ ಕೊಡಿ, ಅಂಕದ ಪಕ್ಕದಲ್ಲಿ ಎಲ್ಲಿ ತಪ್ಪಿತು ಎಂದು ಒಂದು ಸಾಲು ಬರೆಯಿರಿ.

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ನೀರಿನ ಬಾಟಲಿ ತುಂಬಿದ್ದು ಹಾಗೇ ವಾಪಸ್ ಬರುತ್ತದೆ. ಕೇಳಿದರೆ ‘ಬಾಯಾರಿಕೆ ಆಗಲ್ಲಮ್ಮಾ’ ಅನ್ನುತ್ತಾಳೆ. ಶಾಲೆ ಮಾತ್ರ ಚೆನ್ನಾಗಿದೆಯಂತೆ.

ಉತ್ತರ: ಮೂತ್ರಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದೆ ಇರುವ ಹುಡುಗಿಯರು ಬಹಳ. ಹೀಗೆ ತಡೆದುಕೊಂಡರೆ ಮೂತ್ರನಾಳದ ಸೋಂಕಿಗೆ ದಾರಿ. ‘ಶೌಚಾಲಯ ಇದೆಯಾ?’ ಎಂದು ಕೇಳಬೇಡಿ. ಬೀಗದ ಕೈ ಯಾರ ಹತ್ತಿರ, ಒಳಗಿನ ಚಿಲಕ ಬೀಳುತ್ತದೆಯೇ, ಮಧ್ಯಾಹ್ನದ ಹೊತ್ತಿಗೂ ನೀರಿರುತ್ತದೆಯೇ, ಮುಟ್ಟಿನ ಪ್ಯಾಡ್ ಹಾಕಲು ಮುಚ್ಚಳವಿರುವ ಬುಟ್ಟಿ ಇದೆಯೇ ಎಂದು ಕೇಳಿ. ಕೀಲಿ ಸ್ಟಾಫ್ ರೂಮಿನಲ್ಲಿದ್ದರೆ ಅಲ್ಲಿ ಹೋಗಿ ಕೇಳುವ ಸಂಕೋಚಕ್ಕೇ ಅರ್ಧ ಹುಡುಗಿಯರು ಹೋಗುವುದಿಲ್ಲ. 2014ರ ಸ್ವಚ್ಛ ವಿದ್ಯಾಲಯ ಅಭಿಯಾನದ ಅಳತೆ ಹೀಗಿದೆ: 40 ಮಕ್ಕಳಿಗೆ ಒಂದು ಶೌಚಾಲಯ, ಮೂರು ಮೂತ್ರಾಲಯ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗುವ ಮುನ್ನ ಶಾಲೆಯಲ್ಲಿ ಬಳಕೆಯಲ್ಲಿರುವವು ಎಷ್ಟು ಎಂದು ಎಣಿಸಿಕೊಳ್ಳಿ, ಬೀಗ ಹಾಕಿದ್ದನ್ನು ಬಿಟ್ಟು.