ಪ್ರತಿ: ಮೆಲ್ಬರ್ನ್‌ನಲ್ಲಿ ಮಗಳ ಸೈಕಲ್ ಹೆಲ್ಮೆಟ್ ಹಿಂದಕ್ಕೆ ಜಾರುತ್ತದೆ, ದಂಡ ಹಾಕುತ್ತಾರಾ? ಊರಿಂದ ತಂದದ್ದು ನಡೆಯುತ್ತಾ?

ಹಿಂದಕ್ಕೆ ಜಾರಿ ಹಣೆ ಕಾಣುತ್ತಿದ್ದರೆ ಬಹುಶಃ ಕಿವಿಯ ಮುಂದಿನ ಪಟ್ಟಿ ಉದ್ದವಾಗಿದೆ. ಸೈಜ್ ದೊಡ್ಡದೂ ಇರಬಹುದು. ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ಜುಟ್ಟು ಬಿಚ್ಚಿ, ಕತ್ತಿನ ಹತ್ತಿರ ಇಳಿಸಿ ಕಟ್ಟಿ. ಹೆಲ್ಮೆಟ್ ಮಟ್ಟಸವಾಗಿಡಿ, ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಲಿ. ಹಿಂದಿನ ಡಯಲ್ ಬಿಗಿ ಮಾಡಿ, ಗಲ್ಲದ ಪಟ್ಟಿ ಹಾಕದೆ ತಲೆ ಅಲ್ಲಾಡಿಸಲು ಹೇಳಿ. ಆಗಲೇ ಕದಲಿದರೆ ಸೈಜ್ ತಪ್ಪು. ಒಳಗೆ ಬಟ್ಟೆ ತುರುಕಬೇಡಿ, ಹೆಲ್ಮೆಟ್ಟನ್ನೇ ಬದಲಿಸಿ. ಕದಲದಿದ್ದರೆ ಕಿವಿಯ ಪಕ್ಕದ ಕ್ಲಿಪ್ ಸಡಿಲಿಸಿ ಮುಂದಿನ ಪಟ್ಟಿಯನ್ನು ಎಳೆದು ಗಿಡ್ಡ ಮಾಡಿ. ಕಿವಿಯ ಮುಂದಿನ, ಹಿಂದಿನ ಎರಡೂ ಪಟ್ಟಿ ಕಿವಿಹಾಲೆಯ ಸ್ವಲ್ಪ ಕೆಳಗೆ ಸೇರಬೇಕು. ಗಲ್ಲದ ಪಟ್ಟಿಯಲ್ಲಿ ಒಂದು ಬೆರಳು ಮಾತ್ರ ತೂರಬೇಕು. ಈಗ ಮುಂದಿನ ಅಂಚನ್ನು ಅಂಗೈಯಿಂದ ಮೇಲಕ್ಕೆ ತಳ್ಳಿ. ಇನ್ನೂ ಹಿಂದೆ ಹೋದರೆ ಮುಂದಿನ ಪಟ್ಟಿಯನ್ನೇ ಮತ್ತಷ್ಟು ಎಳೆಯಿರಿ.

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 1990ರ ಜುಲೈ 1ರಿಂದ ಸೈಕಲ್ ಹೆಲ್ಮೆಟ್ ಕಡ್ಡಾಯ, ದೊಡ್ಡವರಿಗೂ. ತಲೆ ಮೇಲಿದ್ದರೆ ಸಾಲದು, ಭದ್ರವಾಗಿ ಕೂತು ಪಟ್ಟಿ ಬಿಗಿದಿರಬೇಕು ಎಂದೇ ನಿಯಮ. ಹಾಗಾಗಿ ಜಾರುವ ಹೆಲ್ಮೆಟ್‌ಗೂ ದಂಡ ಬೀಳಬಹುದು. ಕಡ್ಡಾಯ ಬೇಕೇ ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ, ಆದರೆ ಈ ಷರತ್ತು ನನಗೆ ಪೂರ್ತಿ ಒಪ್ಪಿಗೆ: ಬಿದ್ದಾಗ ಸಡಿಲ ಹೆಲ್ಮೆಟ್ ಹಣೆಯನ್ನು ಕಾಯುವುದಿಲ್ಲ.

ಊರಿಂದ ತಂದದ್ದರ ಒಳಗಿನ ಸ್ಟಿಕ್ಕರ್ ನೋಡಿ. ಎಎಸ್/ಎನ್‌ಜಡ್‌ಎಸ್ 2063 (ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನ ಸೈಕಲ್ ಹೆಲ್ಮೆಟ್ ಗುಣಮಟ್ಟದ ಗುರುತು) ಎಂದಿದ್ದರೆ ಚಿಂತೆಯಿಲ್ಲ. ಭಾರತದ ಗುಣಮಟ್ಟದ ಗುರುತಾದ ಐಎಸ್ 4151 ಎಂದಿದ್ದರೆ ಅದು ಮೋಟಾರ್ ಬೈಕಿನದು. ಮಗುವಿನ ಕತ್ತಿಗೂ ಭಾರ. ಅಲ್ಲಿಯೇ ಹೊಸದು ಕೊಳ್ಳಿ, ಮಗಳನ್ನು ಕರೆದುಕೊಂಡು ಹೋಗಿ ಹಾಕಿಸಿ ನೋಡಿಯೇ.