ಮರದ ಹೊದಿಕೆ ಇದ್ದ ಮಾತ್ರಕ್ಕೆ ಕ್ಯಾಪ್ರಿಸ್ ಆಗುವುದೇ?

ಪ್ರಶ್ನೆ: ನಾನು ಅಮೆರಿಕದ ಮಿಷಿಗನ್‌ನಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿ 1966ರ ಷೆವರ್ಲೆ ಸ್ಟೇಷನ್ ವ್ಯಾಗನ್ (ಛಾವಣಿ ಹಿಂಬದಿಯವರೆಗೂ ಚಾಚಿದ ಉದ್ದನೆಯ ಕಾರು) ಒಂದು ಮಾರಾಟಕ್ಕಿದೆ. ಇಕ್ಕೆಲಗಳಲ್ಲಿ ಮರದ ನಮೂನೆಯ ಹೊದಿಕೆ, ಒಳಗೆ ಮೂರು ಸಾಲು ಸೀಟು ಇರುವುದರಿಂದ ಅದು ಷೆವರ್ಲೆಯ ಮೇಲ್ದರ್ಜೆಯ ಮಾದರಿಯಾದ ಅಸಲಿ ಕ್ಯಾಪ್ರಿಸ್ ಎಂದು ಮಾರುವವರು ಹೇಳುತ್ತಾರೆ. ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ: ಹೊದಿಕೆಯನ್ನು ನಂಬಬೇಡಿ. ಅದು ಮರವಲ್ಲ, ವಿನೈಲ್ ಹಾಳೆ. ಅದನ್ನೂ ಕ್ಯಾಪ್ರಿಸ್ ಲಾಂಛನವನ್ನೂ ಕಡಿಮೆ ದರ್ಜೆಯ ಇಂಪಾಲಾ ಅಥವಾ ಬೆಲ್ ಏರ್ ವ್ಯಾಗನ್ನಿಗೆ ಯಾರು ಬೇಕಾದರೂ ಹಾಕಿಸಬಹುದು. ಚಾಲಕನ ಬಾಗಿಲು ತೆರೆದರೆ ಅದರ ಕೀಲು ಕೂರುವ ಕಂಬದ ಮೇಲೆ ವಾಹನದ ಗುರುತಿನ ಸಂಖ್ಯೆಯ ಫಲಕ ಕಾಣುತ್ತದೆ. 1981ಕ್ಕೆ ಮುಂಚಿನ ಕಾರಾದ್ದರಿಂದ ಇದರಲ್ಲಿ ಇಂದಿನಂತೆ 17 ಅಕ್ಷರಗಳಿಲ್ಲ, 13 ಮಾತ್ರ. ಹಾಗಾಗಿ 17 ಅಕ್ಷರ ಕೇಳುವ ಜಾಲತಾಣಗಳು ನಿಮಗೆ ನೆರವಾಗವು. ಸಂಖ್ಯೆ 166456 ಎಂದು ಆರಂಭವಾಗಿದ್ದರೆ ಮೊದಲ 1 ಷೆವರ್ಲೆಯನ್ನೂ, 66 ಕ್ಯಾಪ್ರಿಸ್ ದರ್ಜೆಯನ್ನೂ, 45 ಮೂರು ಸಾಲಿನ ವ್ಯಾಗನ್ ಎಂಬುದನ್ನೂ, ಕೊನೆಯ 6 ತಯಾರಿಕೆಯ ಮಾದರಿ ವರ್ಷವನ್ನೂ ಸೂಚಿಸುತ್ತವೆ. 45ರ ಜಾಗದಲ್ಲಿ 35 ಇದ್ದರೆ ಕಾರು ಕಾರ್ಖಾನೆಯಿಂದ ಎರಡೇ ಸಾಲಿನ ಸೀಟಿನೊಂದಿಗೆ ಹೊರಬಂದದ್ದು. ಮೊದಲ ಮೂರು ಅಂಕಿಗಳು 164 ಆಗಿದ್ದರೆ ಅದು ವಿ8 ಎಂಜಿನ್ನಿನ ಇಂಪಾಲಾ.

ಬಾನೆಟ್ ಎತ್ತಿ, ಎಂಜಿನ್ನಿನ ಹಿಂಬದಿಯ ತಗಡಿನ ಗೋಡೆಗೆ ಬಡಿದಿರುವ ಸಣ್ಣ ಫಲಕವನ್ನೂ ಓದಿ. 16645 ಎಂಬ ಅಂಕಿ ಅಲ್ಲಿಯೂ ಇರಬೇಕು. ಜೊತೆಗಿರುವ ಟ್ರಿಮ್ ಸಂಖ್ಯೆಯಿಂದ ಸೀಟಿನ ಹೊದಿಕೆಯ ಮೂಲ ಬಣ್ಣ ಮತ್ತು ಬಗೆ ತಿಳಿಯುತ್ತದೆ. ಎರಡು ಫಲಕಗಳು ತಾಳೆಯಾಗದಿದ್ದರೆ, ಅಥವಾ ಒಂದನ್ನು ಕಿತ್ತು ಮತ್ತೆ ಕೂರಿಸಿದ ಗುರುತಿದ್ದರೆ, ಎಷ್ಟೇ ಚೆಂದವಾಗಿದ್ದರೂ ಆ ಕಾರಿಗೆ ಮುಂಗಡ ಕೊಡಬೇಡಿ. ಇನ್ನು 35 ಎಂದಿರುವ ಕಾರಿನಲ್ಲಿ ಮೂರನೇ ಸೀಟು ಕಂಡರೆ ಅದು ಆಮೇಲೆ ಸೇರಿಸಿದ್ದೇ ಸರಿ. ಅದರ ಬಿಗಿತವನ್ನೂ ಬೆಲ್ಟನ್ನೂ ಮೆಕ್ಯಾನಿಕ್ ಪರೀಕ್ಷಿಸುವವರೆಗೆ ಮಕ್ಕಳನ್ನು ಅಲ್ಲಿ ಕೂರಿಸಲೇಬಾರದು.

ಪ್ರಶ್ನೆ: ಮೂರನೇ ಸೀಟು ಯಾವ ಕಡೆಗೆ ಮುಖ ಮಾಡಿದೆ ಎಂಬುದೂ ಗುರುತಾಗಬಲ್ಲದೇ?

ಉತ್ತರ: ಖಂಡಿತ. 1966ರ ದೊಡ್ಡ ಷೆವರ್ಲೆಯಲ್ಲಿ ಅದು ಹಿಂಬಾಗಿಲಿನತ್ತ ಮುಖ ಮಾಡಿರುತ್ತದೆ. ಫೋರ್ಡ್ ಕಂಪನಿ 1965ರಿಂದ ತನ್ನ ದೊಡ್ಡ ವ್ಯಾಗನ್‌ಗಳಲ್ಲಿ ಎದುರುಬದುರಾದ ಎರಡು ಕಿರುಸೀಟುಗಳನ್ನು ಅಡ್ಡಲಾಗಿ ಇಟ್ಟಿತು. ಛಾವಣಿಗೆ ಗಾಜು ಕೂರಿಸಿದ ಓಲ್ಡ್ಸ್‌ಮೊಬೀಲ್ ವಿಸ್ಟಾ ಕ್ರೂಸರ್‌ನಲ್ಲಿ ಮೂರನೇ ಸಾಲು ಮುಂದಕ್ಕೇ ನೋಡುತ್ತದೆ. ಅದಕ್ಕೆ ಜಾಗ ಸಿಗಲೆಂದು 1964ರಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು 115 ಅಂಗುಲದಿಂದ 120ಕ್ಕೆ ಹೆಚ್ಚಿಸಲಾಗಿತ್ತು. 1971ರಿಂದ 1976ರವರೆಗಿನ ದೊಡ್ಡ ಷೆವರ್ಲೆಯಲ್ಲಿಯೂ ಸೀಟು ಮುಂದಕ್ಕೇ ಇದೆ. ಅವುಗಳಲ್ಲಿ ಹಿಂಬದಿಯ ಗಾಜು ಛಾವಣಿಯೊಳಕ್ಕೂ ಹಿಂಬಾಗಿಲು ನೆಲದಡಿಗೂ ಸರಿಯುವುದರಿಂದ, ಹಿಂದಕ್ಕೆ ಮುಖ ಮಾಡಿ ಕೂರುವವರಿಗೆ ಕಾಲು ಇಳಿಬಿಡಲು ಬೇಕಾದ ಗುಂಡಿಗೆ ಅಲ್ಲಿ ಎಡೆಯೇ ಉಳಿಯಲಿಲ್ಲ.