ಗಂಡನ ನಡತೆಗೆ ರೋಗದ ಹೆಸರು ಬೇಕೇ?

ದಾವಣಗೆರೆಯ ಶಿಕ್ಷಕಿಯೊಬ್ಬರು ಬರೆದ ನಾಲ್ಕು ಪುಟಗಳ ಪತ್ರ ಈ ತಿಂಗಳು ನನ್ನನ್ನು ಬಹಳ ಕಾಡಿದೆ. ತಮಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂದ ಸಂಜೆ ಪತಿ “ಯಾರ ಶಿಫಾರಸು?” ಎಂದು ಕೇಳಿ ಎರಡು ದಿನ ಮಾತು ಬಿಟ್ಟರಂತೆ. ಡೆಂಗಿ ಜ್ವರದಲ್ಲಿ ಮಲಗಿದ್ದಾಗ, ಬರುವ ನೆಂಟರಿಗೆ ಬಡಿಸುವವರು ಯಾರೆಂದು ರೇಗಿದರಂತೆ. ಮೊಬೈಲಿನಲ್ಲಿ ಸಿಕ್ಕ 20 ಪ್ರಶ್ನೆಗಳ ಪರೀಕ್ಷೆಗೆ ಪತಿಯ ಪರವಾಗಿ ಇವರೇ ಉತ್ತರ ಕೊಟ್ಟಾಗ 17 ತಾಳೆಯಾಗಿವೆ. “ನನ್ನ ಗಂಡ ನಾರ್ಸಿಸಿಸ್ಟ್ ಎಂಬುದು ಈಗ ಖಚಿತ. ಇಂಥವರನ್ನು ಗುರುತಿಸುವುದು ಹೇಗೆಂದು ನಿಮ್ಮ ಪತ್ರಿಕೆ ಏಕೆ ಬರೆಯುವುದಿಲ್ಲ? ಅವರನ್ನು ಡಾಕ್ಟರ ಬಳಿ ಕರೆದೊಯ್ಯಲೇ?” ಎಂದು ಕೇಳಿದ್ದಾರೆ.

ಅಮ್ಮಾ, 19 ವರ್ಷ ಹೆಸರಿಲ್ಲದೆ ಉಂಡ ನೋವಿಗೆ ಹೆಸರು ಸಿಕ್ಕಾಗ ಆಗುವ ಸಮಾಧಾನ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಮಕ್ಕಳ ಉತ್ತರಪತ್ರಿಕೆಯನ್ನು ಪಕ್ಕದ ಬೆಂಚಿನವರು ಬರೆದುಕೊಟ್ಟರೆ ನೀವು ಅಂಕ ಕೊಡುವಿರಾ?

ನೀವು ನಾರ್ಸಿಸಿಸ್ಟ್ ಎನ್ನುವುದು ಆತ್ಮರತಿಯ ವ್ಯಕ್ತಿತ್ವ ವಿಕಾರ ಇರುವವರನ್ನು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಗೆ ಈ ವಿಕಾರ ಸೇರಿದ್ದು 1980ರಲ್ಲಿ. ತಾನು ಅಸಾಮಾನ್ಯನೆಂಬ ಭಾವ, ಹೊಗಳಿಕೆಯ ತೀರದ ಹಸಿವು, ಎಲ್ಲವೂ ತನಗೇ ಸಲ್ಲಬೇಕೆಂಬ ಹಟ, ಇತರರನ್ನು ಬಳಸಿಕೊಳ್ಳುವುದು, ಅವರ ನೋವು ತಟ್ಟದಿರುವುದು, ಹೊಟ್ಟೆಕಿಚ್ಚು ಮೊದಲಾದ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು ಎನ್ನುತ್ತದೆ ಅದು. ಮೊಬೈಲಿನ ಪರೀಕ್ಷೆ ಕೇಳುವುದು ಇಷ್ಟನ್ನೇ. ಅದು ಕೇಳದೆ ಬಿಡುವುದೇ ಮುಖ್ಯವಾದದ್ದು: ಈ ನಡತೆ ಯೌವನದ ಆರಂಭದಲ್ಲೇ ಬೇರೂರಿದೆಯೇ, ಮನೆ, ಕಚೇರಿ, ಗೆಳೆತನ ಎಲ್ಲೆಡೆ ಕಾಣಿಸುತ್ತದೆಯೇ, ಅದರಿಂದ ಬದುಕು ಕೆಟ್ಟಿದೆಯೇ? ಕಚೇರಿಯಲ್ಲಿ ಅವರನ್ನು ದೇವರಂಥ ಮನುಷ್ಯ ಎನ್ನುತ್ತಾರೆ ಎಂದು ನೀವೇ ಬರೆದಿದ್ದೀರಿ. ಅದು ರೋಗವನ್ನು ಮುಚ್ಚುವ ಮೋಡಿಯೂ ಇರಬಹುದು. ಹೆಂಡತಿಯ ಮೇಲಷ್ಟೇ ತೋರುವ, ನಮ್ಮ ಅದೆಷ್ಟೋ ಮನೆಗಳಲ್ಲಿ ಗಂಡಸುತನವೆಂದೇ ಕಲಿಸಿದ ದರ್ಪವೂ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾರಿಗೆ ತಂದ ರೋಗಪಟ್ಟಿಯಲ್ಲಂತೂ ಈ ಹೆಸರಿನ ಪ್ರತ್ಯೇಕ ವಿಕಾರವೇ ಇಲ್ಲ. ವ್ಯಕ್ತಿತ್ವದ ತೊಂದರೆ ಸೌಮ್ಯವೋ, ಮಧ್ಯಮವೋ, ತೀವ್ರವೋ ಎಂಬುದನ್ನೇ ಅದು ಮೊದಲು ಅಳೆಯುತ್ತದೆ.

ಹೋಲಿಕೆ ಎಷ್ಟು ಮೋಸ ಮಾಡುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು, ಸಭೆಯಲ್ಲಿ ಹಿಂದಿನ ಕುರ್ಚಿ ಹುಡುಕುವಂಥವರು, ಒಂದು ಬೇಸಿಗೆಯಲ್ಲಿ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿ, ಆರು ಜಿಲ್ಲೆಗಳಿಂದ ದಿನಪತ್ರಿಕೆ ತರುತ್ತೇನೆ, ಕನ್ನಡದಲ್ಲಿ ತನ್ನಷ್ಟು ಬಲ್ಲವರಿಲ್ಲ ಎಂದು ತಾಸುಗಟ್ಟಲೆ ಮಾತಾಡತೊಡಗಿದರು. ನಿದ್ದೆ ಎರಡೇ ತಾಸು, ಆದರೂ ದಣಿವಿಲ್ಲ. ಪಿತ್ತ ನೆತ್ತಿಗೇರಿದೆ ಎಂದು ನಾವೆಲ್ಲ ಆಡಿಕೊಂಡೆವು. ಸೈಟು ಅಡವಿಟ್ಟ ಮೇಲೆ ಆಸ್ಪತ್ರೆ ಸೇರಿದ ಅವರಿಗಿದ್ದದ್ದು, ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ಹೊಯ್ದಾಡುವ ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತ. ಲಿಥಿಯಂ ಮಾತ್ರೆ ಶುರುವಾದ ಮೇಲೆ, ಕೆಲವು ವಾರಗಳಲ್ಲಿ ಅವರು ಮತ್ತೆ ಹಿಂದಿನ ಕುರ್ಚಿಗೆ ಮರಳಿದರು. ಉನ್ಮಾದದ ದೊಡ್ಡಸ್ತಿಕೆ ಬಂದು ಹೋಗುತ್ತದೆ. ವ್ಯಕ್ತಿತ್ವ ವಿಕಾರದ್ದು ವರ್ಷಗಟ್ಟಲೆ ಮೈಗಂಟಿಕೊಂಡಿರುತ್ತದೆ. ಅಂದು ಆಡಿಕೊಂಡದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

ಉಳಿದ ವ್ಯಕ್ತಿತ್ವ ವಿಕಾರಗಳೂ ಇದಕ್ಕೆ ಹತ್ತಿರದ ನೆಂಟರೇ. ಸಮಾಜವಿರೋಧಿ ವ್ಯಕ್ತಿತ್ವದವರೂ ಜನರನ್ನು ಬಳಸಿಕೊಳ್ಳುತ್ತಾರೆ, ಆದರೆ ಅವರಿಗೆ ಹೊಗಳಿಕೆಯ ಹಂಬಲ ಅಷ್ಟಿರದು, ಮತ್ತು 15 ವರ್ಷಕ್ಕೆ ಮೊದಲೇ ಸುಳ್ಳು, ಕಳವು, ಹೊಡೆದಾಟದಂಥ ಚರಿತ್ರೆ ಇರುತ್ತದೆ. ಹಿಸ್ಟ್ರಿಯಾನಿಕ್ ವ್ಯಕ್ತಿತ್ವಕ್ಕೆ ಎಲ್ಲರ ಕಣ್ಣು ತನ್ನ ಮೇಲಿದ್ದರೆ ಸಾಕು, ಅಯ್ಯೋ ಪಾಪ ಎನಿಸಿಕೊಂಡರೂ ಸರಿಯೇ. ಆತ್ಮರತಿಯವರಿಗೆ ಬೇಕಾದದ್ದು ಮೆಚ್ಚುಗೆಯೇ. ಬಾರ್ಡರ್‌ಲೈನ್ ವ್ಯಕ್ತಿತ್ವದಲ್ಲಿ ಕೈಬಿಟ್ಟಾರೆಂಬ ಭಯ ಮುಂದಿರುತ್ತದೆ, ತಾನು ಯಾರೆಂಬುದೇ ನಿಲುಗಡೆಯಿಲ್ಲದೆ ಅಲುಗುತ್ತದೆ, ತನಗೇ ಗಾಯ ಮಾಡಿಕೊಳ್ಳುವುದೂ ಉಂಟು. ಒಬ್ಬರಲ್ಲೇ ಎರಡು ಮೂರು ಬೆರೆತಿರುವುದೂ ಇದೆ. ಇನ್ನು ಆತ್ಮರತಿಯ ಒಳಗಡೆ ಹಲವೊಮ್ಮೆ ಇರುವುದು ಟೀಕೆಯ ಒಂದು ಮಾತಿಗೇ ಕುಸಿಯುವ ಅಳುಕು. ಅವರು ವೈದ್ಯರ ಬಳಿ ಬರುವುದೂ ಸಾಮಾನ್ಯವಾಗಿ ಖಿನ್ನತೆಗೆಂದೇ, ಈ ವಿಕಾರಕ್ಕೆಂದಲ್ಲ. ಅದಕ್ಕೆಂದೇ ಇರುವ ಮಾತ್ರೆಯಿಲ್ಲ, ದೀರ್ಘಕಾಲದ ಮನೋಚಿಕಿತ್ಸೆ ಇದೆ. ಅಂಥವರನ್ನು ರಾಕ್ಷಸರೆಂಬಂತೆ ತೋರಿಸುವ ವಿಡಿಯೊಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪತ್ರಿಕೆ ಏಕೆ ಬರೆಯುವುದಿಲ್ಲ ಎಂದಿರಿ. 1964ರಲ್ಲಿ ಅಮೆರಿಕದ ‘ಫ್ಯಾಕ್ಟ್’ ಎಂಬ ಪತ್ರಿಕೆ, ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಬ್ಯಾರಿ ಗೋಲ್ಡ್‌ವಾಟರ್ ಮಾನಸಿಕವಾಗಿ ಆ ಹುದ್ದೆಗೆ ಯೋಗ್ಯರೇ ಎಂದು 12,356 ಮನೋವೈದ್ಯರನ್ನು ಕೇಳಿತು. ಅವರಲ್ಲಿ 1,189 ಮಂದಿ ಅಲ್ಲವೆಂದರು. ಗೋಲ್ಡ್‌ವಾಟರ್ ಅವರನ್ನು ಪರೀಕ್ಷಿಸದೆಯೇ ಕೊಟ್ಟ ತೀರ್ಪು ಅದು. ಗೋಲ್ಡ್‌ವಾಟರ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು, ಮತ್ತು 1973ರಲ್ಲಿ ಆ ಮನೋವೈದ್ಯರ ಸಂಘವೇ, ಖುದ್ದಾಗಿ ಪರೀಕ್ಷಿಸದ ಸಾರ್ವಜನಿಕ ವ್ಯಕ್ತಿಯ ಬಗ್ಗೆ ಇಂಥ ಅಭಿಪ್ರಾಯ ಹೇಳಕೂಡದೆಂದು ನಿಯಮ ಮಾಡಿತು. ಮನೋವೈದ್ಯರೇ ಹಾಗೆ ಎಡವಿದ ಮೇಲೆ, ನಾನು ಒಂದು ಪುಟದಲ್ಲಿ ಲಕ್ಷಣಗಳ ಪಟ್ಟಿ ಅಚ್ಚು ಹಾಕಿದರೆ ನಾಳೆ ಎಷ್ಟು ಮನೆಗಳಲ್ಲಿ ಅತ್ತೆ ಸೊಸೆಗೂ ಸೊಸೆ ಅತ್ತೆಗೂ ಅದನ್ನು ಅಂಟಿಸಿಯಾರು!

ನಮ್ಮ ಭಾಷೆಗೇನು ಬಡತನವೇ? ದರ್ಪ, ಠೇಂಕಾರ, ಒಣಜಂಬ, ಗತ್ತು, ಸ್ವಾರ್ಥ, ಹೊಟ್ಟೆಕಿಚ್ಚು: ಇವೆಲ್ಲ ಮನುಷ್ಯನ ನಡತೆಯನ್ನು ಹೇಳುವ ಮಾತುಗಳು, ಹೇಳಿದೊಡನೆ ಅವನು ಉತ್ತರ ಕೊಡಬೇಕಾಗುತ್ತದೆ. ರೋಗವೆಂದಿರೋ, ಅವನು ಉತ್ತರ ಕೊಡಬೇಕಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಮಾತಿನ ಹಿಂಸೆಯನ್ನೂ ಭಾವನಾತ್ಮಕ ಹಿಂಸೆಯನ್ನೂ ಹಿಂಸೆಯೆಂದೇ ಎಣಿಸುತ್ತದೆ. ಅದರ ರಕ್ಷಣೆ ಕೇಳಲು ಗಂಡನ ಕಾಯಿಲೆಯ ಸರ್ಟಿಫಿಕೇಟು ಬೇಕಿಲ್ಲ.

ಡಾಕ್ಟರ ಬಳಿ ಮೊದಲು ನೀವು ಹೋಗಿ. ಎರಡು ವರ್ಷದಿಂದ ನಿದ್ದೆಯಿಲ್ಲ ಎಂದು ಬರೆದಿರುವವರು ನೀವು. ಹೋಗಲು ಹಿಂಜರಿಕೆಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ. ಅಲ್ಲಿ ನಾರ್ಸಿಸಿಸ್ಟ್ ಎಂಬ ಪದದಿಂದ ಆರಂಭಿಸಬೇಡಿ. ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ಬಡ್ತಿಯ ಆದೇಶವನ್ನು ಮಡಚಿ ಅಕ್ಕಿ ಡಬ್ಬದ ಕೆಳಗಿಟ್ಟೆ ಎಂದು ಬರೆದಿದ್ದೀರಲ್ಲ, ಅಲ್ಲಿಂದ ಹೇಳಿ.